ಉಸಿರಿರುವ ತನಕ ಬಟ್ಟೆ

ಶಿರಾ ಪೇಟೆಯ ಹಿಂದಿನ ಓಣಿಯಲ್ಲಿ ನೂರೀನ್ ಎಂಬ ಹೆಂಗಸಿಗೂ ಬೆಳ್ಳಿ ಹುಳಗಳಿಗೂ ನಡೆದ ಜಗಳ ಸಣ್ಣದೇನಲ್ಲ. ಬೆಳ್ಳಿ ಹುಳ ಗೊತ್ತಲ್ಲ? ಅಲಮಾರಿಯ ಬಾಗಿಲು ತೆಗೆದ ಕೂಡಲೇ ಸರಕ್ಕನೆ ಸಂದಿಗೆ ನುಗ್ಗುವ, ಮೈಗೆಲ್ಲ ಹೊಳೆಯುವ ಬೂದಿ ಬಳಿದುಕೊಂಡಂತಿರುವ ಆ ಹುಳ. ಕಚ್ಚುವುದಿಲ್ಲ, ಕುಟುಕುವುದಿಲ್ಲ, ಸದ್ದಂತೂ ಇಲ್ಲವೇ ಇಲ್ಲ. ಜಿರಲೆ ಕಂಡರೆ ಪೊರಕೆ ಹುಡುಕುವ ಜನ ಇದನ್ನು ಕಂಡರೆ ಬೆರಳಲ್ಲಿ ಒರೆಸಿ ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾದವರ ಮನೆಯಲ್ಲೇ ಅದು ಸಂಸಾರ ಹೂಡುವುದು. ಗಂಜಿ ಹಾಕಿದ ಬಟ್ಟೆ, ಅಂಟು ಹಚ್ಚಿದ ಕಾಗದ, ರೇಷ್ಮೆ, ಪುಸ್ತಕದ ಬೆನ್ನು, ಏನು ಸಿಕ್ಕರೂ ಕತ್ತಲಲ್ಲಿ ಕೂತು ಕೆರೆಕೆರೆದು ತಿನ್ನುತ್ತದೆ. ನಮಗೆ ಗೊತ್ತಾಗುವ ಹೊತ್ತಿಗೆ ಊಟ ಮುಗಿಸಿರುತ್ತದೆ.

ನೂರೀನ್ ಸುಮ್ಮನಾಗುವ ಪೈಕಿಯವಳಲ್ಲ. ಅವಳ ಗಂಡ ಅತೀಕ್ ರಫೂ ಕೆಲಸದವನು. ರಫೂ ಎಂದರೆ ತೇಪೆ ಹಾಕುವುದು ಅಂದುಕೊಳ್ಳಬೇಡಿ, ಅವನಿಗೆ ಕೋಪ ಬರುತ್ತದೆ. ಅದೇ ಬಟ್ಟೆಯ ಅಂಚಿನಿಂದ ಎಳೆ ಕಿತ್ತು, ಉದ್ದದ ಹಾಸಿಗೊಂದು ಅಡ್ಡದ ಹೊಕ್ಕಿಗೊಂದು ಅಂತ ಸೂಜಿಯಲ್ಲೇ ನೇಯ್ದು, ತೂತು ಇತ್ತೆಂಬುದೇ ಕಾಣದ ಹಾಗೆ ಮುಚ್ಚುವ ಕೆಲಸ ಅದು. ಮಧುಗಿರಿಯ ಯಾರದೋ ಮದುವೆ ಶೇರ್ವಾನಿ, ಪಾವಗಡದ ಯಾರದೋ ಅಜ್ಜಿಯ ಧರ್ಮಾವರಂ ಸೀರೆ, ಎಲ್ಲ ಅವನ ಅಂಗಡಿಗೆ ಬಂದು ಬೀಳುತ್ತಿದ್ದವು. ತೂತಿನ ಜೊತೆಗೆ ತೂತು ಮಾಡಿದವೂ ಬರುತ್ತಿದ್ದವು. ಗಂಡ ಮುಗಿಯದ ಕೆಲಸವನ್ನು ಗಂಟು ಕಟ್ಟಿ ಮನೆಗೆ ತಂದರೆ ನೂರೀನ್ ಹೊಸ್ತಿಲಲ್ಲೇ ತಡೆದು, ಗಂಟು ಬಿಚ್ಚಿ, ಬಿಸಿಲಲ್ಲಿ ಕೊಡವಿ, ಆಮೇಲೆ ಒಳಗೆ ಬಿಡುವಳು.

"ನನ್ನನ್ನೂ ಒಂದ್ಸಲ ಕೊಡವಿಬಿಡು" ಎಂದು ಅತೀಕ್ ರೇಗಿಸುತ್ತಿದ್ದ.

ಅವಳು ಮಾಡದ ಉಪಾಯವಿಲ್ಲ. ತೇವ ಇದ್ದಲ್ಲಿ ಆ ಹುಳ ಮರಿ ಮಾಡುತ್ತದೆ ಅಂತ ಬಚ್ಚಲಿನ ಸೋರುವ ಪೈಪು ಬದಲಾಯಿಸಿದಳು. ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತಿದಳು. ಸುಣ್ಣಕ್ಕೆ ಮೈಲುತುತ್ತ ಕಲಸಿ ಮೂಲೆ ಮೂಲೆಗೂ ಹೊಡೆದಳು. ಅಲಮಾರಿಯ ಹಿಂದೆ ಬೋರಿಕ್ ಪುಡಿ ಉದುರಿಸಿದಳು. ಬಟ್ಟೆಯ ಮಡಿಕೆಗೆ ಲವಂಗ ಮತ್ತು ಒಣ ಬೇವಿನ ಸೊಪ್ಪು ಇಟ್ಟಳು. ಬೇವಿನ ಸೊಪ್ಪು ಕೊಡುತ್ತಿದ್ದವಳು ಪಕ್ಕದ ಮನೆಯ ಚಿಕ್ಕಹನುಮಕ್ಕ. ಓಣಿಯ ಕೊನೆಯಲ್ಲೇ ಬೇವಿನ ಮರವಿದ್ದರೂ ತನ್ನ ತವರು ಹೊಳವನಹಳ್ಳಿಗೆ ಹೋದಾಗಲೆಲ್ಲ ಅಲ್ಲಿಂದಲೇ ಹೊತ್ತು ತರುವಳು. "ನಮ್ಮೂರ ಬೇವೇ ಕಹಿ ಕಣಮ್ಮ. ಇಲ್ಲಿದ್ದು ಬರೀ ಹೆಸರಿಗೆ" ಎನ್ನುವಳು. ಬಸ್ಸಿನಲ್ಲಿ ಬೇವು ಹೊತ್ತು ತರುವ ಹೆಂಗಸಿಗೆ ಯಾರು ತಾನೇ ಎದುರು ಮಾತಾಡುತ್ತಾರೆ?

ಡಿಗ್ರಿ ಓದುವ ಮಗಳು ಉಮ್ಮೆ ಹಾನಿ ಮೊಬೈಲಿನಲ್ಲಿ ನೋಡಿ ಇನ್ನೊಂದು ಉಪಾಯ ಹೇಳಿಕೊಟ್ಟಳು. ಗಾಜಿನ ಬಾಟಲಿಯ ಹೊರಮೈಗೆ ಕಾಗದದ ಟೇಪು ಸುತ್ತಿ, ಒಳಗೆ ಒಂದಿಷ್ಟು ಮೈದಾ ಹಾಕಿಡಬೇಕು. ಹುಳ ಟೇಪು ಹಿಡಿದು ಹತ್ತಿ ಮೈದಾಕ್ಕೆ ಇಳಿಯುತ್ತದೆ, ಒಳಗಿನ ನುಣುಪು ಗಾಜು ಹತ್ತಿ ಬರಲಾರದೆ ಅಲ್ಲೇ ಉಳಿಯುತ್ತದೆ. ನೂರೀನ್ ಮನೆಯ ಮೂಲೆಗೊಂದು ಬಾಟಲಿ ಇಟ್ಟಳು. ಬೆಳಗೆದ್ದು ಚಹಾಕ್ಕೆ ನೀರಿಡುವ ಮೊದಲು ಅವನ್ನೇ ನೋಡುವಳು. ದಿನ ಕಳೆದಂತೆ ಅಡುಗೆಮನೆಯ ಬಾಟಲಿ ಖಾಲಿ, ಅಲಮಾರಿಯದು ಖಾಲಿ, ನಡುಮನೆಯದೂ ಖಾಲಿ. ಅತ್ತೆಯ ಮಂಚದ ಕೆಳಗಿನ ಬಾಟಲಿಯಲ್ಲಿ ಮಾತ್ರ ದಿನವೂ ಬೆಳ್ಳಗೆ ಮಿಜಿಮಿಜಿ ಎನ್ನುತ್ತಿದ್ದವು.

ಅತ್ತೆಯ ಮಂಚದ ಕೆಳಗೆ ಒಂದು ತಗಡಿನ ಟ್ರಂಕು ಇತ್ತು. ಅದರಲ್ಲಿ ಅತ್ತೆಯ ಕಫನ್ ಬಟ್ಟೆ, ಎಂದರೆ ಸತ್ತ ಮೇಲೆ ಹೊದಿಸುವ ಬಿಳಿ ಬಟ್ಟೆ ಇತ್ತು. ಇಡೀ ಮನೆಯನ್ನು ಉಲ್ಟಾಪಲ್ಟಾ ಮಾಡಿದ ನೂರೀನ್ ಆ ಟ್ರಂಕನ್ನು ಮಾತ್ರ ಮುಟ್ಟಿರಲಿಲ್ಲ. ಅದರ ಸುತ್ತ ನೆಲ ಒರೆಸುವಳು, ಅದರ ಬುಡಕ್ಕೆ ಬೋರಿಕ್ ಪುಡಿ ಹಾಕುವಳು, ಮುಚ್ಚಳಕ್ಕೆ ಕೈ ಹಚ್ಚುತ್ತಿರಲಿಲ್ಲ.

ಅತ್ತೆ ಅಮೀರ್ ಬಿ ಪುರವರದ ಹುಡುಗಿ. ಸುತ್ತ ಕನ್ನಡದ ಮನೆಗಳೇ ಇದ್ದ ಬೀದಿಯಲ್ಲಿ ಬೆಳೆದವಳು, ಮನೆಯಲ್ಲೂ ಉರ್ದುವಿಗಿಂತ ಕನ್ನಡವೇ ಅವಳ ಬಾಯಿಗೆ ಮೊದಲು ಬರುತ್ತಿತ್ತು. ಅವಳ ಗಂಡ ಅಹಮದ್ ಷರೀಫ್ ಹಜ್‌ಗೆ ಹೋದಾಗ ಒಂದು ಉದ್ದದ ಬಿಳಿ ಬಟ್ಟೆ ಕೊಂಡು, ಮೆಕ್ಕಾದ ಪವಿತ್ರ ಬಾವಿಯ ಜಮ್‌ಜಮ್ ನೀರಿನಲ್ಲಿ ಅದ್ದಿ, ಅಲ್ಲೇ ಒಣಗಿಸಿ ತಂದಿದ್ದರು. ಅರ್ಧ ತನಗೆ, ಅರ್ಧ ಹೆಂಡತಿಗೆ. ಹಜ್‌ಗೆ ಹೋದ ಬಹಳ ಮಂದಿ ಹೀಗೆ ತರುತ್ತಾರೆ. ತಗಡಿನ ತುಕ್ಕು ಬಟ್ಟೆಗೆ ಹತ್ತಬಾರದು ಅಂತ ಷರೀಫ್ ಸಾಹೇಬರು ಟ್ರಂಕಿನ ಒಳಗೆಲ್ಲ ತಾವೇ ಕೂತು ಕಾಗದ ಅಂಟಿಸಿದ್ದರು. ಅವರು ತೀರಿಕೊಂಡಾಗ ಬಟ್ಟೆಯನ್ನು ಕೈಯಲ್ಲೇ ಹರಿದು ಅವರ ಅರ್ಧ ತೆಗೆದರು. ಉಳಿದರ್ಧ ಟ್ರಂಕಿನಲ್ಲೇ ಉಳಿಯಿತು.

ಪ್ರತಿ ವರ್ಷ, ಸತ್ತವರನ್ನು ನೆನೆಯುವ ಶಬೇ ಬರಾತ್‌ಗೆ ಮುಂಚೆ ಅಮೀರ್ ಬಿ ಒಬ್ಬಳೇ ಟ್ರಂಕು ತೆಗೆದು, ಬಟ್ಟೆಯನ್ನು ಬಿಸಿಲಿಗೆ ಹರಡಿ, ಪಕ್ಕದಲ್ಲೇ ಚಾಪೆ ಹಾಕಿಕೊಂಡು ಕಾಯುವಳು. ಮುಖದಲ್ಲಿ ಬೇಸರ ಇರುತ್ತಿರಲಿಲ್ಲ, ಹಪ್ಪಳ ಒಣಗಿಸುವವಳ ಹಾಗೆ ಕಾಗೆ ಓಡಿಸುತ್ತ ಕೂರುವಳು. ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಅವಳು ಮಂಚ ಹಿಡಿದಳು. ಆ ವರ್ಷ ಬಟ್ಟೆ ಬಿಸಿಲು ಕಾಣಲಿಲ್ಲ, ಮುಂದಿನ ವರ್ಷವೂ ಕಾಣಲಿಲ್ಲ.

ನೂರೀನ್‌ಗೆ ನೆನಪಿರಲಿಲ್ಲ ಅಂತಲ್ಲ. ಮಲಗಿದ ಅತ್ತೆಯ ಮುಂದೆ ಸೊಸೆ ಹೋಗಿ "ನಿಮ್ಮ ಕಫನ್ ತೆಗೀಲಾ" ಅಂತ ಕೇಳುವುದು ಹೇಗೆ, ನೀವೇ ಹೇಳಿ. ಯಾವಾಗ ಹೋಗ್ತೀರಾ ಅಂತ ಕೇಳಿದ ಹಾಗಲ್ಲವೇ?

ಈಗ ಬಾಟಲಿ ದಿನವೂ ತುಂಬುತ್ತಿತ್ತು. ಒಂದು ಮಧ್ಯಾಹ್ನ ಅತ್ತೆ ನಿದ್ದೆಯಲ್ಲಿದ್ದಾಗ ನೂರೀನ್ ಮಂಚದ ಕೆಳಗೆ ಕೈ ಹಾಕಿ ಟ್ರಂಕನ್ನು ಮೆಲ್ಲಗೆ ಎಳೆದಳು, ಹಿತ್ತಿಲಿಗೆ ಒಯ್ದು ಮುಚ್ಚಳ ಎತ್ತಿದಳು. ಎತ್ತಿದ ಕೂಡಲೇ ಒಳಗೆಲ್ಲ ಸರಸರ ಹರಿದಾಡಿತು. ಮಾವ ಅಂಟಿಸಿದ ಕಾಗದ ಚಿಂದಿಯಾಗಿತ್ತು. ಮೈದಾ ಅಂಟು ಹಚ್ಚಿ ಅಂಟಿಸಿದ ಕಾಗದ. ಬಾಟಲಿಗೆ ತಾನು ಹಾಕುತ್ತಿದ್ದುದೂ ಅದೇ ಮೈದಾ ಎಂಬುದು ಆಗ ಅವಳಿಗೆ ಹೊಳೆಯಿತು. ಬಟ್ಟೆ ಕಾಪಾಡಲಿ ಅಂತ ಮಾವ ಮಾಡಿದ ಕೆಲಸವೇ ಹುಳಕ್ಕೆ ದಾವತ್ತಾಗಿತ್ತು. ಕಾಗದ ಮುಗಿಸಿ ಅವು ಬಟ್ಟೆಗೆ ಬಂದಿದ್ದವು.

ಅವಳು ಬಟ್ಟೆಯ ಮಡಿಕೆ ಬಿಚ್ಚಿದಳು. ಮೇಲೆ ಒಂದು ತೂತು ಕಂಡಿತು. ಇನ್ನೊಂದು ಮಡಿಕೆ ಬಿಚ್ಚಿದರೆ ಅದೇ ತೂತು ಎರಡಾಯಿತು. ಬಿಚ್ಚುತ್ತ ಹೋದಂತೆ ತೂತುಗಳು ಸಾಲಾಗಿ ನಿಂತವು. ನೂರೀನ್ ಹಿತ್ತಿಲ ಕಲ್ಲಿನ ಮೇಲೆ ಕೂತಳು. ಊರ ಹುಳವನ್ನೆಲ್ಲ ಓಡಿಸಿದೆ ಅಂತ ಬೀಗುತ್ತಿದ್ದವಳು ಅವಕ್ಕೆ ಒಳ್ಳೇ ಜಾಗ ನೋಡಿ ಬಿಟ್ಟುಕೊಟ್ಟಿದ್ದಳು. ಅಳು ಬಂತು, ಅತ್ತೆ ಎದ್ದಾಳು ಅಂತ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಸಂಜೆ ಅಂಗಡಿಗೇ ಹೋಗಿ ಗಂಡನಿಗೆ ಹೇಳಿದಳು. ಅತೀಕ್ ಕನ್ನಡಕ ತೆಗೆದು ಪಕ್ಕಕ್ಕಿಟ್ಟ.

"ಎಷ್ಟು ತಿಂದಿದೆ?"

"ಮಡಿಕೆ ಮಡಿಕೆಗೂ. ನೀವು ಮನಸ್ಸು ಮಾಡಿದ್ರೆ ಮುಚ್ಚಬಹುದು."

ಕಫನ್‌ಗೆ ಸೂಜಿ ತಾಗಿಸುವ ಪದ್ಧತಿ ಅವರ ಮನೆಯಲ್ಲಿಲ್ಲ. ಕೈಯಲ್ಲಿ ಹರಿಯುತ್ತಾರೆ, ಹೊದಿಸುತ್ತಾರೆ, ಗಂಟು ಕಟ್ಟುತ್ತಾರೆ, ಅಷ್ಟೇ. ಹೊಲಿಗೆ ಬದುಕಿದವರಿಗೆ.

"ಊರೋರ ತೂತೆಲ್ಲ ಮುಚ್ಚಿದ್ದಾಯ್ತು," ಎಂದ ಅತೀಕ್. "ನಮ್ಮಮ್ಮನ ಬಟ್ಟೆಗೆ ಸೂಜಿ ಹಾಕೋ ಹಂಗಿಲ್ಲ. ಹೊಸದು ತಗೋ. ಬೇರೆ ದಾರಿ ಇಲ್ಲ."

ಹೊಸ ಬಟ್ಟೆಗೇನು ಬರ, ಪೇಟೆಯ ತುಂಬ ಇದೆ. ನೂರೀನ್ ಅದೇ ಬಿಳಿ, ಅದೇ ಗಟ್ಟಿಯದು ಆರಿಸಿ ತಂದಳು. ಯಾರೋ ಉಮ್ರಾ ಯಾತ್ರೆಯಿಂದ ತಂದುಕೊಟ್ಟಿದ್ದ ಜಮ್‌ಜಮ್ ನೀರು ಬಾಟಲಿಯ ತಳದಲ್ಲಿತ್ತು, ಅದನ್ನು ಬಟ್ಟೆಯ ಮೇಲೆ ಚಿಮುಕಿಸಿ ಒಣಗಿಸಿ, ಟ್ರಂಕು ಕೊಡವಿ ಅದರಲ್ಲಿಟ್ಟು ಮತ್ತೆ ಮಂಚದ ಕೆಳಗೆ ತಳ್ಳಿದಳು. ಹಳೇ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಟ್ಟದ ಮೇಲಿಟ್ಟಳು. ಮನಸ್ಸಿಗೆ ಸಮಾಧಾನವಂತೂ ಇರಲಿಲ್ಲ. ಇದ್ದರೂ ಕಳ್ಳತನ ಮಾಡಿದ ಮೇಲೆ ಕೈ ತೊಳೆಯುವಾಗ ಇರುವಂಥದ್ದು.

ಆ ವಾರದಲ್ಲೇ ಅಮೀರ್ ಬಿಗೆ ಕಾಲು ಊದಿತು, ಉಸಿರು ಮೇಲುಸಿರಾಯಿತು. ಡಾಕ್ಟರು ಮನೆಗೆ ಬಂದು ನೋಡಿ, ಅತೀಕ್‌ನನ್ನು ಹೊರಗೆ ಕರೆದು, ಆಸ್ಪತ್ರೆಗೆ ಹಾಕಿ ಗೋಳಾಡಿಸಬೇಡಿ, ಮನೆಯಲ್ಲೇ ಇರಲಿ ಎಂದರು. ಹೊರಗೆ ಆಡಿದ ಮಾತು ಒಳಗೆ ಮಲಗಿದವಳಿಗೆ ಹೇಗೆ ತಿಳಿಯುತ್ತದೋ, ತಿಳಿದೇ ತಿಳಿಯುತ್ತದೆ. ಅಮೀರ್ ಬಿ ಸೊಸೆಯನ್ನು ಹತ್ತಿರ ಕೂರಿಸಿಕೊಂಡಳು.

"ಶಬೇ ಬರಾತ್ ಬಂತಲ್ಲ ಕಣಮ್ಮ. ಈ ಸಲ ಬಟ್ಟೆ ಬಿಸಿಲಿಗೆ ಹಾಕ್ಬುಡು. ಎರಡು ವರ್ಷದಿಂದ ನಿಂಗೆ ಹೇಳಾಣ ಅಂತ ಅನ್ಕತೀನಿ. ಪಾಪ, ಹುಡುಗಿ ಮನಸ್ಸಿಗೆ ಬೇಜಾರು ಮಾಡ್ಕಂಡಾಳು ಅಂತ ಸುಮ್ಕಾಯ್ತೀನಿ."

ಅತ್ತೆ ಹೇಳಲಿ ಅಂತ ನೂರೀನ್, ಸೊಸೆ ನೊಂದಾಳು ಅಂತ ಅಮೀರ್ ಬಿ. ಇಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟುಕೊಂಡು ಕೂತಾಗ ಹುಳ ತನ್ನ ಕೆಲಸ ಮಾಡಿಕೊಂಡು ಹೋಗಿತ್ತು. ಹಾಳು ಮರ್ಯಾದೆ.

"ತರ್ತೀನಿ ಅಮ್ಮಾ" ಎಂದು ಎದ್ದು, ಟ್ರಂಕಿನಿಂದ ಹೊಸ ಬಟ್ಟೆ ತೆಗೆದು ಅತ್ತೆಯ ಮಡಿಲಲ್ಲಿಟ್ಟಳು.

ಅಮೀರ್ ಬಿಯ ಕಣ್ಣಿಗೆ ಪೊರೆ ಬಂದು ವರ್ಷಗಳಾಗಿದ್ದವು. ಬಟ್ಟೆಯ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜಿದಳು. ಮೂಗಿಗೆ ಹಿಡಿದಳು. ಆಮೇಲೆ ಮಡಿಲಲ್ಲಿ ಬಿಟ್ಟಳು.

"ಇದ್ರಲ್ಲಿ ಮಿಲ್ಲಿನ ಗಂಜಿ ವಾಸ್ನೆ ಐತೆ. ನಂದೆಲ್ಲಿ?"

"ಇದೇ ಅಮ್ಮಾ ನಿಮ್ದು."

"ಸುಳ್ಳು ಹೇಳಾಕೆ ಬರಲ್ಲ ಕಣಮ್ಮ ನಿಂಗೆ. ಈ ಮನೆಗೆ ಬಂದಾಗಿಂದ ನೋಡಿವ್ನಿ, ನಿನ್ನ ಬಾಯಲ್ಲಿ ಸುಳ್ಳು ಒಂದು ಗಳಿಗೇನೂ ನಿಲ್ಲಲ್ಲ. ಎಲ್ಲೈತೆ ನಂದು?"

ನಿಜವಾಗಿಯೂ ನಿಲ್ಲಲಿಲ್ಲ. ನೂರೀನ್ ಮಂಚದ ಪಕ್ಕ ನೆಲದ ಮೇಲೆ ಕೂತು ಎಲ್ಲ ಹೇಳಿದಳು. ಕಾಗದ, ಅಂಟು, ಹುಳ, ಅಟ್ಟ, ಒಂದೂ ಬಿಡಲಿಲ್ಲ. "ಮನೆಯೆಲ್ಲ ನೋಡ್ದೆ ಅಮ್ಮಾ, ಅದೊಂದ್ನ ನೋಡ್ಲಿಲ್ಲ. ನನ್ದೇ ತಪ್ಪು" ಎಂದು ಅತ್ತೆಯ ಪಾದ ಹಿಡಿದಳು. ಅಮೀರ್ ಬಿ ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಗೋಡೆಯ ಕಡೆ ತಿರುಗಿದಳು. ಆ ದಿನವೆಲ್ಲ ಗಂಜಿ ಕೊಟ್ಟರೆ ಬಾಯಿ ತೆರೆಯಲಿಲ್ಲ. ಬೈದಿದ್ದರೆ ನೂರೀನ್‌ಗೆ ಊಟವಾದರೂ ಸೇರುತ್ತಿತ್ತು.

ಮಾರನೆಯ ಬೆಳಿಗ್ಗೆ ಅಮೀರ್ ಬಿ ಮಗನನ್ನು ಕರೆದಳು. "ಆ ಹಳೇದು ತತ್ತಾ" ಎಂದಳು. ಅತೀಕ್ ಅಟ್ಟದಿಂದ ಇಳಿಸಿ ತಂದು ಅವಳ ಎದೆಯ ಮೇಲೆ ಹರಡಿದ. ಅವಳು ಒಂದೊಂದು ತೂತನ್ನೂ ಬೆರಳಲ್ಲಿ ಹುಡುಕಿ ಮುಟ್ಟಿದಳು. ಕೆಲವಕ್ಕೆ ಬೆರಳು ತೂರುತ್ತಿತ್ತು.

"ಇದ್ರರ್ಧ ಹೊದ್ಕಂಡು ನಿಮ್ಮಪ್ಪ ಹೋದ್ರು. ಅಲ್ಲಿ ನನ್ನ ಗುರುತು ಹಿಡೀಬೇಕಲ್ಲ ಅವ್ರು. ಪೇಟೆ ಬಟ್ಟೆ ಹೊದ್ಕಂಡು ಹೋದ್ರೆ ಯಾವಳೋ ಅಂತಾರೆ. ನೀನು ಇದ್ನ ಮುಚ್ಚು ಕಣ್ಲಾ."

"ಅಮ್ಮಾ, ಕಫನ್‌ಗೆ ಸೂಜಿ..."

"ಕಫನ್ ಯಾರದ್ಲಾ? ನಾನಿನ್ನೂ ಇಲ್ಲೇ ಬಿದ್ದಿವ್ನಲ್ಲ. ನನ್ನ ಉಸಿರಿರೋಗಂಟ ಇದು ಬಟ್ಟೆ. ಉಸಿರು ಹೋದ್ಮೇಲೆ ಕಫನ್ನು. ಬಟ್ಟೆಗೆ ಸೂಜಿ ಹಾಕಿದ್ರೆ ಯಾರೂ ಕೇಳಲ್ಲ. ಆಮೇಲೆ ಮಾತ್ರ ಮುಟ್ಟಬ್ಯಾಡ. ಎಷ್ಟಾಗಿರುತ್ತೋ ಅಷ್ಟು. ಮಿಕ್ಕಿದ ತೂತು ಹಂಗೇ ಇರ್ಲಿ, ನಾನೇ ಏನೋ ಒಂದು ಹೇಳ್ಕತೀನಿ."

ಅತೀಕ್ ತಾಯಿಯ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಅದು ಸರಿಯೋ ತಪ್ಪೋ ಅಂತ ಯಾರನ್ನೂ ಕೇಳಲು ಹೋಗಲಿಲ್ಲ. ಕೇಳಿದರೆ ನಾಲ್ಕು ಜನ ನಾಲ್ಕು ಹೇಳುತ್ತಾರೆ, ಅಷ್ಟರಲ್ಲಿ ಹೊತ್ತು ಹೋಗುತ್ತದೆ. ಹೊತ್ತೇ ಅಲ್ಲವೇ ಅವರಲ್ಲಿ ಇಲ್ಲದೇ ಇದ್ದದ್ದು.

ಸೂಜಿ ಹಿಡಿಯುವ ಮೊದಲು ಹುಳದ ಕಥೆ ಮುಗಿಸಬೇಕಿತ್ತು. ಎಳೆಯ ಸಂದಿಯಲ್ಲಿ ಮೊಟ್ಟೆ ಉಳಿದಿದ್ದರೆ ಮುಚ್ಚಿದ ತೂತಿನ ಪಕ್ಕದಲ್ಲೇ ಹೊಸ ತೂತು. ಬಿಸಿ ನೀರಿಗೆ ಹಾಕುವ ಹಾಗಿಲ್ಲ, ಜಮ್‌ಜಮ್ ನೀರು ಕಂಡ ಬಟ್ಟೆಯನ್ನು ನಲ್ಲಿ ನೀರಲ್ಲಿ ತೊಳೆಯಲು ಯಾರಿಗೂ ಮನಸ್ಸಿಲ್ಲ. ಉಮ್ಮೆ ಹಾನಿ ಮತ್ತೆ ಮೊಬೈಲು ತೆಗೆದಳು. ಬಟ್ಟೆಯನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ ಫ್ರಿಜ್ಜಿನ ಐಸಿನ ಖಾನೆಯಲ್ಲಿಟ್ಟರೆ ಮೊಟ್ಟೆ ಸಮೇತ ಸಾಯುತ್ತವೆ ಎಂದಳು. ಹಾಲು, ಕೊತ್ತಂಬರಿ ಇಡುವ ಜಾಗದಲ್ಲಿ ಇದನ್ನು ಇಡುವುದೇ? ನೂರೀನ್ ಅತ್ತೆಯನ್ನು ಕೇಳಿದಳು. ಈ ಸಲ ಕೇಳದೆ ಏನೂ ಮಾಡಬಾರದು ಅಂತ ತೀರ್ಮಾನಿಸಿದ್ದಳು.

ಅಮೀರ್ ಬಿ ಬಹಳ ದಿನದ ಮೇಲೆ ನಕ್ಕಳು. "ನನ್ಗಿಂತ ಮುಂಚೆ ಅದ್ನ ತಣ್ಣಗೆ ಮಾಡ್ತೀರಾ? ಇಡ್ರಮ್ಮ, ಇಡ್ರಿ" ಎಂದಳು.

ನೂರೀನ್ ಫ್ರಿಜ್ಜಿನಲ್ಲಿದ್ದುದನ್ನೆಲ್ಲ ಹೊರಗೆ ತೆಗೆದು ಚಿಕ್ಕಹನುಮಕ್ಕನ ಮನೆಗೆ ಸಾಗಿಸಿ, ಖಾನೆ ಒರೆಸಿ, ಬಿಸ್ಮಿಲ್ಲಾ ಎಂದು ಚೀಲ ಇಟ್ಟಳು. ಅದು ಅಲ್ಲಿರುವಷ್ಟು ದಿನ ಟ್ರಂಕಿನ ಕೆಲಸ ಮಾಡಿದಳು. ಕಾಗದ ನೆನೆಸಿ ಕೆರೆದು, ಮೂಲೆಯಲ್ಲಿ ಗಟ್ಟಿಯಾಗಿದ್ದ ಅಂಟನ್ನು ಚಮಚದಿಂದ ಎಬ್ಬಿಸಿ, ಕುದಿಯುವ ನೀರು ಹುಯ್ದು, ಬಿಸಿಲಿಗೆ ಬಾಯಿ ತೆರೆದು ಇಟ್ಟಳು. ಒಂದು ಮೂಲೆಯ ಅಂಟಿನಲ್ಲಿ ಮಾವನ ಹೆಬ್ಬೆರಳಿನ ಗುರುತು ಉಳಿದಿತ್ತು. ಅದನ್ನು ಕೆರೆಯುವಾಗ ಅವಳ ಕೈ ಸ್ವಲ್ಪ ತಡೆಯಿತು, ಆಮೇಲೆ ಅದನ್ನೂ ಕೆರೆದಳು. ಮಂಚದ ಕೆಳಗೆ ಬಾಟಲಿ ಮತ್ತೆ ಇಟ್ಟಳು. ದಿನ ಕಳೆದಂತೆ ಅದರಲ್ಲಿ ಹುಳ ಕಡಿಮೆಯಾದವು, ಕೊನೆಗೆ ಬರೀ ಮೈದಾ ಉಳಿಯಿತು.

ಶಬೇ ಬರಾತ್‌ನ ಬೆಳಿಗ್ಗೆ ಬಟ್ಟೆಯನ್ನು ಹಿತ್ತಿಲಿನ ಬಿಸಿಲಿಗೆ ಹರಡಿದರು. ಅಮೀರ್ ಬಿಯ ಮಂಚವನ್ನು ಕಿಟಕಿಗೆ ಸರಿಸಿದರು. ಅವಳಿಗೆ ಕಾಣುತ್ತಿರಲಿಲ್ಲ, ಆದರೂ ಅತ್ತ ಮುಖ ಮಾಡಿ ಮಲಗಿದ್ದಳು. ಚಿಕ್ಕಹನುಮಕ್ಕ ಬಂದು ಚಾಪೆಯ ಮೇಲೆ ಕೂತು ಕಾಗೆ ಓಡಿಸಿದಳು.

"ಕಾಯ್ತಾ ಇವ್ಳಾ ಹನುಮಕ್ಕ?" ಎಂದು ಒಳಗಿಂದ ಕೇಳಿದಳು ಅಮೀರ್ ಬಿ.

"ಕಾಯ್ತಿವ್ನಿ, ನೀನು ಮಲಿಕ್ಕಳಕ್ಕ" ಎಂದಳು ಅವಳು.

ಅತೀಕ್ ಅಂಗಡಿಗೆ ಬೀಗ ಹಾಕಿ ಮನೆಯ ಹೊಸ್ತಿಲಲ್ಲಿ ಕೂತ. ರಫೂ ಕೆಲಸಕ್ಕೆ ಹಗಲಿನ ಬೆಳಕೇ ಬೇಕು. ಮುಖ ಬಾಗಿಲಿಗೆ, ಬೆನ್ನು ತಾಯಿಯ ಮಂಚಕ್ಕೆ. ಬಟ್ಟೆಯ ಅಂಚಿನಿಂದಲೇ ಎಳೆ ಕೀಳುತ್ತಿದ್ದ, ಹೊರಗಿನ ಒಂದು ನೂಲೂ ಅದಕ್ಕೆ ಸೇರಿಸಲಿಲ್ಲ. ಅಂಚು ಅಷ್ಟಷ್ಟೇ ಸವೆಯುತ್ತ ಬಂತು, ತೂತುಗಳು ಒಂದೊಂದಾಗಿ ಕಣ್ಮರೆಯಾದವು. ಒಂದು ಮುಗಿದರೆ ಒಯ್ದು ತಾಯಿಯ ಬೆರಳ ಕೆಳಗೆ ಇಡುವನು. ಅವಳು ತಡವಿ, "ಎಲ್ಲಿತ್ತು?" ಎನ್ನುವಳು. ಅದೇ ಅವನಿಗೆ ಶಹಬ್ಬಾಸ್‌ಗಿರಿ. ಬಾಯಿ ಮಾತಿನಲ್ಲಿ ಅವಳು ಅವನ ಕೆಲಸವನ್ನು ಯಾವತ್ತೂ ಹೊಗಳಿದವಳಲ್ಲ.

ಆದರೆ ದಿನ ಹೋದಂತೆ ಬೆರಳಿಗೆ ತಡವುವ ಶಕ್ತಿ ಹೋಯಿತು. ಆಮೇಲೆ ಮಾತು ಹೋಯಿತು. ಅತೀಕ್ ಊಟಕ್ಕೂ ಏಳದೆ ಕೂರತೊಡಗಿದ. ನೂರೀನ್ ತುತ್ತು ಮಾಡಿ ಅವನ ಬಾಯಿಗಿಟ್ಟು, ಮತ್ತೆ ಹೋಗಿ ಅತ್ತೆಯ ತುಟಿಗೆ ಒದ್ದೆ ಹತ್ತಿ ಒತ್ತುವಳು. ಗಂಡನ ಸೂಜಿ ಮೊದಲೋ ಅತ್ತೆಯ ಉಸಿರು ಮೊದಲೋ ಎಂಬ ಯೋಚನೆ ಅವಳ ತಲೆ ತಿನ್ನುತ್ತಿತ್ತು. ಹೀಗೆ ಯೋಚಿಸಲು ನಾಚಿಕೆಯೂ ಆಗುತ್ತಿತ್ತು.

ಕೊನೆಯ ತೂತು ದೊಡ್ಡದು, ಬಟ್ಟೆಯ ನಡುಮಧ್ಯದ್ದು. ಅತೀಕ್ ಅದಕ್ಕೆ ಕೈ ಹಾಕಿದ ದಿನ ಬೆಳಿಗ್ಗೆಯಿಂದಲೇ ಅಮೀರ್ ಬಿಯ ಉಸಿರು ಗಂಟಲಿಗೆ ಬಂದಿತ್ತು. ಉಮ್ಮೆ ಹಾನಿಯನ್ನು ನೆಂಟರಿಗೆ ಹೇಳಿಬರಲು ಕಳಿಸಿದ್ದರು. ಮನೆಯಲ್ಲಿ ಇದ್ದವರು ಮೂವರೇ. ನೂರೀನ್ ಮಂಚದ ಪಕ್ಕ ಕೂತು, ಸಾಯುವವರ ಬಳಿ ಓದುವ ಕುರಾನಿನ ಯಾಸೀನ್ ಅಧ್ಯಾಯ ಓದುತ್ತಿದ್ದಳು. ಗಂಡನಿಗೆ ಕೇಳುವ ಹಾಗೆ ಜೋರಾಗಿ ಓದು ಅಂತ ಅವನೇ ಹೇಳಿದ್ದ. "ನೀನು ಓದ್ತಾ ಇರೋವರೆಗೆ ನಾನು ಹಾಕ್ತಾ ಇರ್ತೀನಿ. ನಿಲ್ಲಿಸಿದ್ರೆ ನಾನೂ ನಿಲ್ಲಿಸ್ತೀನಿ" ಎಂದಿದ್ದ.

ಮಧ್ಯಾಹ್ನದ ನಮಾಜಿನ ಹೊತ್ತು ಕಳೆದು ಓಣಿಯಲ್ಲಿ ಸದ್ದಡಗಿತ್ತು. ಅಮೀರ್ ಬಿ ಒಂದು ಉಸಿರು ಎಳೆದಳು. ನೂರೀನ್ ಮುಂದಿನದಕ್ಕೆ ಕಾದಳು. ಬಾಯಿ ಓದುತ್ತಿತ್ತು, ಕಣ್ಣು ಅತ್ತೆಯ ಎದೆಯ ಮೇಲಿತ್ತು. ಎದೆ ಏಳಲಿಲ್ಲ. ಮೂಗಿನ ಹತ್ತಿರ ಕೈ ಹಿಡಿದಳು. ಕುತ್ತಿಗೆಯ ಮೇಲೆ ಬೆರಳಿಟ್ಟಳು. ಅತ್ತೆ ಹೋಗಿಬಿಟ್ಟಿದ್ದಳು.

ತಿರುಗಿ ಹೊಸ್ತಿಲ ಕಡೆ ನೋಡಿದಳು. ಅತೀಕ್‌ನ ಮೊಣಕೈ ಏಳುತ್ತಿತ್ತು, ಇಳಿಯುತ್ತಿತ್ತು. ಹಾಸಿನ ಎಳೆಗಳೆಲ್ಲ ಕೂತಿದ್ದವು, ಹೊಕ್ಕಿನವು ಇನ್ನೊಂದಿಷ್ಟು ಬಾಕಿ. ಬಟ್ಟೆಯ ನಡುವೆ ಬೆಳಕು ತೂರುವ ಸಣ್ಣ ಕಿಂಡಿ ಅವಳು ಕೂತಲ್ಲಿಗೇ ಕಾಣುತ್ತಿತ್ತು.

ಆ ಗಳಿಗೆಯಲ್ಲಿ ಅವಳಿಗೆ ಆಸೆಯಾಯಿತು. ಓದುತ್ತಲೇ ಹೋದರೆ ಅವನು ಮುಗಿಸುತ್ತಾನೆ. ಆದರೆ ಅಲ್ಲಾಹನ ಮಾತನ್ನು ಸುಳ್ಳಿಗೆ ಕಾವಲು ಹಾಕುವುದಕ್ಕೆ ಅವಳ ಮನಸ್ಸು ಒಪ್ಪಲಿಲ್ಲ. ಸುಳ್ಳು ಹೇಳುವುದೇ ಆದರೆ ತನ್ನ ಬಾಯಿಂದ ಹೋಗಲಿ, ಪಾಪ ತನ್ನ ಲೆಕ್ಕಕ್ಕೇ ಬರಲಿ ಅಂದುಕೊಂಡಳು. ಓದು ನಿಲ್ಲಿಸಿದಳು.

ಸೂಜಿ ನಿಂತಿತು. ಅತೀಕ್ ತಿರುಗಲಿಲ್ಲ. ತಿರುಗಲು ಅವನಿಗೆ ಧೈರ್ಯ ಸಾಲಲಿಲ್ಲ.

"ಅಮ್ಮ?" ಎಂದ.

"ಇದ್ದಾರೆ," ಎಂದಳು ನೂರೀನ್. "ನನ್ನ ಗಂಟಲು ಒಣಗಿತು. ನೀರು ಕುಡೀತೀನಿ. ನೀವು ಮುಗಿಸಿ."

ದನಿ ನಡುಗಲಿಲ್ಲ. ನಡುಗದೇ ಇದ್ದುದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಅತೀಕ್‌ನ ಮೊಣಕೈ ಮತ್ತೆ ಎದ್ದಿತು.

ನೂರೀನ್ ಅಂಗೈಯಿಂದ ಅತ್ತೆಯ ಕಣ್ಣು ಮುಚ್ಚಿದಳು. ಗದ್ದ ಜೋತುಬೀಳದ ಹಾಗೆ ಕೈಯಲ್ಲೇ ಎತ್ತಿ ಹಿಡಿದಳು. ಬಟ್ಟೆ ಕಟ್ಟಲು ಏಳಬೇಕಾಗುತ್ತದೆ, ಎದ್ದರೆ ಅವನಿಗೆ ತಿಳಿಯುತ್ತದೆ. ಸಾವಿನ ಹೊತ್ತಿಗೆ ಹೇಳುವ ಇನ್ನಾಲಿಲ್ಲಾಹಿ ಎಂಬುದನ್ನು ತುಟಿ ಅಲುಗಿಸದೆ ಮನಸ್ಸಿನಲ್ಲೇ ಹೇಳಿಕೊಂಡಳು. ಕೈ ಸೋತಿತು, ಭುಜ ಸೋತಿತು, ಅವಳು ಕದಲಲಿಲ್ಲ. ಗಂಡನ ತಾಯಿ ತೀರಿಕೊಂಡಿದ್ದಾಳೆ, ಗಂಡನಿಗೆ ಗೊತ್ತಿಲ್ಲ, ಗೊತ್ತಿರುವವಳು ತಾನೊಬ್ಬಳೇ. ಅಷ್ಟು ಒಂಟಿಯಾಗಿ ಅವಳು ಜೀವಮಾನದಲ್ಲಿ ಕೂತಿರಲಿಲ್ಲ. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಬಿಡುವಾದ ಕೈ ಇರಲಿಲ್ಲ.

ಕಿಂಡಿ ಸಣ್ಣದಾಯಿತು. ಆಮೇಲೆ ಕಾಣದಾಯಿತು. ಅತೀಕ್ ಬಟ್ಟೆಯನ್ನು ಬೆಳಕಿಗೆ ಎತ್ತಿ ಹಿಡಿದು ನೋಡಿ, ಎಳೆಯನ್ನು ಹಲ್ಲಿನಿಂದ ಕಡಿದ.

"ಆಯ್ತು" ಎಂದ.

ನೂರೀನ್ ಅವನು ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚುವವರೆಗೆ ಕಾದಳು.

"ಏನ್ರೀ," ಎಂದಳು. "ಅಮ್ಮ ಹೋದ್ರು."

ಅತೀಕ್ ಬಟ್ಟೆಯನ್ನು ಎದೆಗವಚಿಕೊಂಡೇ ಎದ್ದು ಬಂದ. ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ.

"ಯಾವಾಗ?"

"ಈಗಷ್ಟೇ. ನೀವು ಆಯ್ತು ಅಂದ್ರಲ್ಲ, ಅದಾದ್ಮೇಲೆ. ಅದಕ್ಕೇ ಕಾಯ್ತಿದ್ರೇನೋ."

ಅವನು ನೆಲಕ್ಕೆ ಕುಸಿದು ತಾಯಿಯ ಕೈಗೆ ಹಣೆ ಹಚ್ಚಿ ಅತ್ತ. ಕಾದಳು, ನನ್ನ ಕೆಲಸ ಮುಗಿಯಲಿ ಅಂತ ಕಾದಳು ಎಂದು ಬಂದವರಿಗೆಲ್ಲ ಅದನ್ನೇ ಹೇಳಿದ. ನೂರೀನ್ ತಲೆಯ ಮೇಲೆ ಸೆರಗು ಎಳೆದುಕೊಂಡು ಬಂದವರಿಗೆ ಚಾಪೆ ಹಾಸಿದಳು.

ಸಂಜೆ ಹೆಂಗಸರು ಸೇರಿದರು. ಸ್ನಾನದ ನೀರಿಗೆ ಎಲಚಿ ಸೊಪ್ಪು ಬೇಕಿತ್ತು. ಯಾರೂ ಹೇಳುವ ಮೊದಲೇ ಚಿಕ್ಕಹನುಮಕ್ಕ ಕಿತ್ತು ತಂದು ಹಿತ್ತಿಲ ಒಲೆಯ ಪಕ್ಕ ಇಟ್ಟಿದ್ದಳು. ತಾನು ಒಳಗೆ ಬರಲಿಲ್ಲ, ಒಲೆಗೆ ಸೌದೆ ಒಟ್ಟುತ್ತ ಹೊರಗೇ ಕೂತಳು. ಸ್ನಾನ ಮಾಡಿಸಿ, ಬಟ್ಟೆಯನ್ನು ಬೇಕಾದ ತುಂಡುಗಳಾಗಿ ಕೈಯಲ್ಲಿ ಹರಿದು, ದೊಡ್ಡ ತುಂಡನ್ನು ಕೆಳಗೆ ಹಾಸಿ, ಕರ್ಪೂರ ಹಾಕಿ, ಅಮೀರ್ ಬಿಯನ್ನು ಅದರ ಮೇಲೆ ಮಲಗಿಸಿದರು. ಹುಳ ತಿಂದಿತ್ತೆಂದು ಬಂದವರಲ್ಲಿ ಯಾರಿಗೂ ತಿಳಿಯಲಿಲ್ಲ. ಎಂಥ ಗಟ್ಟಿ ಬಟ್ಟೆ, ಆ ಕಾಲದ್ದು ಎಂದು ಒಬ್ಬರು ಹೇಳಿದರು.

ಬಟ್ಟೆಯನ್ನು ಎಡದಿಂದ ಮಡಚಿ, ಬಲದಿಂದ ಮಡಚಿ, ಗಂಟು ಹಾಕುವ ಮೊದಲು ನೂರೀನ್ ಅತ್ತೆಯ ಎದೆಯ ಮೇಲಿನ ಭಾಗವನ್ನು ಬೆರಳಿನಿಂದ ತಡವಿದಳು. ಆ ಕೊನೆಯ ತೂತು ಅಲ್ಲೇ ಎಲ್ಲೋ ಇರಬೇಕಿತ್ತು. ಮತ್ತೊಮ್ಮೆ ತಡವಿದಳು, ಸಿಗಲಿಲ್ಲ. ಉಳಿದ ಹೆಂಗಸರು ಗಂಟಿಗೆ ಪಟ್ಟಿ ಹುಡುಕುತ್ತಿದ್ದರು. ಅವಳು ಬಗ್ಗಿ, ಅತ್ತೆಯ ಕಿವಿಯ ಹತ್ತಿರ ಬಾಯಿಟ್ಟಳು.

"ಅಮ್ಮಾ," ಎಂದಳು, "ಈ ಸಲ ಸುಳ್ಳು ನಿಂತಿತು."